ಗೆರೆಯೂ ಬೆಳಕೂ : ಮುಂಬಯಿಯ ಇಬ್ಬರು ಛಾಯಾಗ್ರಾಹಕರು

ಜೋಗೇಶ್ವರಿಯಲ್ಲಿ ಬಿಡಾರ ಹೂಡಿ ಎರಡು ಮೂರು ತಲೆಮಾರು ಕಳೆದ ನಮ್ಮವರಲ್ಲಿ, ಈ ಊರಿಗೆ ಹೆಸರು ಕೊಟ್ಟ ಗುಹಾಲಯವನ್ನು ಒಳಹೊಕ್ಕು ನೋಡಿದವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಕಾಗುತ್ತದೆ. ಬೆಳಗಿನ ಗಾಡಿ ಹಿಡಿಯುವ ಅವಸರ ಒಂದು ಕಡೆ, ರಾತ್ರಿ ಮನೆ ಸೇರುವ ದಣಿವು ಇನ್ನೊಂದು ಕಡೆ. ಇವೆರಡರ ನಡುವೆ ಕ್ರಿಸ್ತಶಕ 6ನೆಯ ಶತಮಾನವನ್ನು ನೋಡಿ ಬರಲು ಪುರಸೊತ್ತೆಲ್ಲಿ? ಹಾಗಿದ್ದರೂ ಒಂದು ರವಿವಾರ ಬೆಳಿಗ್ಗೆ ನಾವು ಏಳೆಂಟು ಮಂದಿ ಮನೆಯ ಮಕ್ಕಳನ್ನು ಕರೆದುಕೊಂಡು ಅಲ್ಲಿಗೆ ಹೋದೆವು. ಮೂಡಣ ಬಾಗಿಲಿನಿಂದ ಮೆಟ್ಟಿಲಿಳಿದು ಒಳಗೆ ಹೋದರೆ ಬಂಡೆಯನ್ನೇ ಕೊರೆದು ಮಾಡಿದ ವಿಶಾಲವಾದ ಚೌಕ ಮಂಟಪ. ಅದರಲ್ಲಿ ಚೌಕವಾಗಿ ನಿಂತ 20 ಕಂಬಗಳು. ನಡುವೆ ನಾಲ್ಕು ಬಾಗಿಲಿನ ಗರ್ಭಗುಡಿ. ತೆಂಕಣ ಪಕ್ಕಕ್ಕೆ ಉದ್ದಕ್ಕೂ ಕಂಬಸಾಲಿನ ಮೊಗಸಾಲೆ. ಹೊರಗಿನ ಬಿಸಿಲು ಆ ಕಂಬಗಳ ಸಂದಿನಿಂದ ನುಸುಳಿ, ಒಂದು ಬಿಳಿಯ ಪಟ್ಟೆ, ಒಂದು ಕರಿಯ ಪಟ್ಟೆ, ಮತ್ತೊಂದು ಬಿಳಿಯ ಪಟ್ಟೆ, ಹೀಗೆ ಜಮಖಾನೆ ಹಾಸಿದಂತೆ ನೆಲದ ಮೇಲೆ ಬಿದ್ದಿತ್ತು.

ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರ ಮೊಮ್ಮಗಳು, ಹತ್ತನೆಯ ಇಯತ್ತೆಯಲ್ಲಿ ಓದುವ ಹುಡುಗಿ, ತನ್ನ ಫೋನಿನಿಂದ ಆ ಪಟ್ಟೆಗಳ ಚಿತ್ರ ತೆಗೆದಳು. ಅಜ್ಜನಿಗೆ ಕುತೂಹಲ. ಕನ್ನಡಕ ಏರಿಸಿ ನೋಡಿದರು.

“ಇದರಲ್ಲಿ ನಾನೆಲ್ಲಿದ್ದೀನಿ, ಮಗಾ?”

“ನೀವು ಅಡ್ಡ ಬರ್ತಿದ್ರಿ ಅಜ್ಜಾ. ನೀವು ಆಚೆ ಹೋಗೋ ತನಕ ಕಾದು ತೆಗೆದೆ.”

ನಾವೆಲ್ಲ ನಕ್ಕೆವು. ಅಜ್ಜನವರೂ ನಕ್ಕರು. ಆದರೆ ದಾರಿಯುದ್ದಕ್ಕೂ ಅವರು ಆ ಮಾತನ್ನು ಮರೆಯಲಿಲ್ಲ. ಮೂವತ್ತು ವರ್ಷ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಕೆಲಸ ಮಾಡಿ ನಿವೃತ್ತರಾದವರು ಅವರು. “ಮನುಷ್ಯನಿಲ್ಲದ ಚಿತ್ರ ಏನು ಚಿತ್ರ?” ಎಂಬುದು ಅವರ ವಾದ. “ಮನುಷ್ಯ ಬಂದರೆ ಎಲ್ಲರೂ ಮನುಷ್ಯನನ್ನೇ ನೋಡ್ತಾರೆ, ಬೆಳಕನ್ನು ಯಾರು ನೋಡ್ತಾರೆ?” ಎಂಬುದು ಮೊಮ್ಮಗಳ ವಾದ. ಇಬ್ಬರ ಮಾತಿನಲ್ಲಿಯೂ ಹುರುಳಿದೆ ಎಂದು ನಮಗೆ ತೋರಿತು. ಇದೇ ವಾದದ ಎರಡು ಪಕ್ಷಗಳನ್ನು ಹಿಡಿದು ಇದೇ ಮುಂಬಯಿಯಲ್ಲಿ, ಹೆಚ್ಚು ಕಡಮೆ ಒಂದೇ ಕಾಲದಲ್ಲಿ, ಇಬ್ಬರು ದೊಡ್ಡ ಛಾಯಾಗ್ರಾಹಕರು ಕೆಲಸ ಮಾಡಿದರು. ಒಬ್ಬರು ಮಿತ್ತರ್ ಬೇಡಿ. ಇನ್ನೊಬ್ಬರು ನಸ್ರೀನ್ ಮೊಹಮದಿ. ಇಬ್ಬರೂ ಕನ್ನಡಿಗರಲ್ಲ. ಹಾಗಾದರೆ ರಾಜ್ಯೋತ್ಸವದ ಸಂಚಿಕೆಯಲ್ಲಿ ಇವರ ಮಾತೇಕೆ ಎಂದು ಓದುಗರು ಕೇಳಬಹುದು. ಅವರು ಚಿತ್ರಿಸಿದ ಗೆರೆಗಳಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ.

ನಿಂತವನು ಉಳಿದ

ಛಾಯಾಚಿತ್ರಕಲೆ ಹುಟ್ಟಿದಾಗಲೇ ಈ ಸಮಸ್ಯೆಯೂ ಹುಟ್ಟಿತು. 1838ರಲ್ಲಿ ಫ್ರಾನ್ಸಿನ ದಾಗೇರ್ ಎಂಬಾತ ಪ್ಯಾರಿಸಿನ ಜನನಿಬಿಡ ಬೀದಿಯೊಂದನ್ನು ತನ್ನ ಕಿಟಕಿಯಿಂದ ಚಿತ್ರಿಸಿದನು. ಬೀದಿಯಲ್ಲಿ ಗಾಡಿಗಳೂ ಜನರೂ ಓಡಾಡುತ್ತಿದ್ದರು. ಆದರೆ ತಗಡಿನ ಮೇಲೆ ಬೆಳಕು ಅಚ್ಚೊತ್ತಲು ಹಲವು ನಿಮಿಷ ಬೇಕಾಗುತ್ತಿದ್ದ ಕಾಲ ಅದು. ನಡೆಯುತ್ತಿದ್ದವರು ಯಾರೂ ಚಿತ್ರದಲ್ಲಿ ಮೂಡಲಿಲ್ಲ. ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳಲು ಕಾಲು ಎತ್ತಿ ನಿಂತಿದ್ದ ಒಬ್ಬಾತ ಮಾತ್ರ ಮೂಲೆಯಲ್ಲಿ ಉಳಿದುಕೊಂಡನು. ಅವನ ಹೆಸರು ಯಾರಿಗೂ ತಿಳಿಯದು. ಇಡೀ ಬೀದಿ ಬರಿದಾಗಿ, ಕಟ್ಟಡಗಳ ಅಂಚು, ಮರಗಳ ಸಾಲು, ಬೆಳಕು ನೆರಳು ಇಷ್ಟೇ ಉಳಿದವು. ಜನರು ಚಿತ್ರದಿಂದ ಹೊರಬಿದ್ದುದು ಯಾರ ಇಚ್ಛೆಯಿಂದಲೂ ಅಲ್ಲ; ಅಂದಿನ ರಸಾಯನದ ಇತಿಮಿತಿ ಅದಕ್ಕೆ ಕಾರಣ.

ಈ ಹೊಸ ವಿದ್ಯೆ ಮುಂಬಯಿಗೆ ಬರಲು ತಡವಾಗಲಿಲ್ಲ. 1854ರಲ್ಲಿಯೇ ಇಲ್ಲಿ ಮುಂಬಯಿ ಛಾಯಾಚಿತ್ರ ಸಂಘವು ಸ್ಥಾಪಿತವಾಯಿತು. ಮರುವರ್ಷ, ಎಂದರೆ 1855ರಲ್ಲಿ, ಮುಂಬಯಿ ಸರಕಾರವು ತೋಪಿನ ಪಡೆಯ ಅಧಿಕಾರಿ ಥಾಮಸ್ ಬಿಗ್ಸ್ ಎಂಬಾತನನ್ನು ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನೇಮಿಸಿತು. ಅವನು ಹೋದುದು ಎಲ್ಲಿಗೆ? ಬಿಜಾಪುರಕ್ಕೆ, ಬಾದಾಮಿಗೆ, ಐಹೊಳೆಗೆ! ಆಗ ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದಿತೆಂಬುದನ್ನು ನಾವು ನೆನೆಯಬೇಕು. ಆ ವರ್ಷದ ಕೊನೆಗೆ ಬಿಗ್ಸನನ್ನು ಸೈನ್ಯವು ಹಿಂದಕ್ಕೆ ಕರೆಸಿಕೊಂಡಾಗ ವೈದ್ಯನಾದ ಡಾಕ್ಟರ್ ಪಿಗೌ ಎಂಬಾತ ಕೆಲಸವನ್ನು ಮುಂದುವರಿಸಿದನು. ಇವರ ಚಿತ್ರಗಳನ್ನೊಳಗೊಂಡು ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದಕ್ಕೆ ಚಾರಿತ್ರಿಕ ವಿವರಣೆ ಬರೆದವರಲ್ಲಿ ಒಬ್ಬರು, ಸುರಪುರದ ಇತಿಹಾಸ ಬಲ್ಲ ನಮ್ಮವರಿಗೆಲ್ಲ ಪರಿಚಿತರಾದ ಮೆಡೋಸ್ ಟೇಲರ್ ಸಾಹೇಬರು. ಇನ್ನೊಬ್ಬರು ವಾಸ್ತುಪಂಡಿತ ಫರ್ಗ್ಯುಸನ್ನರು.

ಹೀಗೆ ಮುಂಬಯಿಯ ಕ್ಯಾಮೆರಾ ಕನ್ನಡ ನಾಡಿನ ಕಲ್ಲನ್ನು ಕಂಡಿತು. ಆ ಕಾಲದ ಇಂತಹ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಒಂದು ವಾಡಿಕೆ ಕಾಣುತ್ತದೆ. ಕಂಬದ ಬುಡದಲ್ಲಿಯೋ ಬಾಗಿಲಿನ ಪಕ್ಕದಲ್ಲಿಯೋ ಒಬ್ಬ ಸ್ಥಳೀಯನನ್ನು ಕೂರಿಸುವುದು ಅಥವಾ ನಿಲ್ಲಿಸುವುದು. ಅವನ ಚಿತ್ರ ಬೇಕೆಂದಲ್ಲ. ಕಂಬ ಎಷ್ಟು ಎತ್ತರವೆಂದು ನೋಡುವವರಿಗೆ ತಿಳಿಯಲೆಂದು. ಅಳತೆಗೋಲಿನ ಬದಲಿಗೆ ಒಬ್ಬ ಮನುಷ್ಯ! ಚಿತ್ರದ ಕೆಳಗೆ ದೇವಾಲಯದ ಹೆಸರಿರುತ್ತದೆ, ತೆಗೆದವನ ಹೆಸರೂ ಇರಬಹುದು. ನಿಂತವನ ಹೆಸರು ಇರುವುದಿಲ್ಲ. ಈ ಮಾತನ್ನು ಓದುಗರು ಮನಸ್ಸಿನಲ್ಲಿಡಬೇಕೆಂದು ಕೋರುತ್ತೇವೆ. ಮುಂದೆ ಇದು ಬೇಕಾಗುತ್ತದೆ.

ಅಮೂರ್ತವೆಂದರೆ ಹೊರಗಿನದಲ್ಲ

ಇಪ್ಪತ್ತನೆಯ ಶತಮಾನ ಬರುವ ಹೊತ್ತಿಗೆ ಕ್ಯಾಮೆರಾ ಚುರುಕಾಯಿತು, ಓಡುವವನನ್ನೂ ಹಿಡಿಯಬಲ್ಲುದಾಯಿತು. ಆಗ, ವಿಚಿತ್ರವೆಂದರೆ, ಕೆಲವರು ಬೇಕೆಂದೇ ಮನುಷ್ಯನನ್ನು ಬಿಡತೊಡಗಿದರು. ಅಮೆರಿಕೆಯ ಪಾಲ್ ಸ್ಟ್ರ್ಯಾಂಡ್ ಎಂಬ ಛಾಯಾಗ್ರಾಹಕನು 1916ರಲ್ಲಿ ಹಳ್ಳಿಯ ಮನೆಯೊಂದರ ಜಗಲಿಯ ಮೇಲೆ ಕಟಾಂಜನದ ನೆರಳು ಬಿದ್ದುದನ್ನು ಚಿತ್ರಿಸಿದನು. ಅಲ್ಲಿ ಜಗಲಿಯೂ ಕಾಣುವುದಿಲ್ಲ, ಮನೆಯೂ ಕಾಣುವುದಿಲ್ಲ; ಓರೆಯಾಗಿ ಬಿದ್ದ ಪಟ್ಟೆಗಳು ಮಾತ್ರ. ಅದೇ ಸ್ಟ್ರ್ಯಾಂಡ್ ಅದಕ್ಕೆ ಹಿಂದಿನ ವರ್ಷ, 1915ರಲ್ಲಿ, ನ್ಯೂಯಾರ್ಕಿನ ವಾಲ್ ಸ್ಟ್ರೀಟಿನಲ್ಲಿ ಬೇರೊಂದು ಚಿತ್ರ ತೆಗೆದಿದ್ದನು. ಅದರಲ್ಲಿ ಬ್ಯಾಂಕಿನ ಗೋಡೆಯ ಬೃಹದಾಕಾರದ ಕರಿಯ ಕಿಟಕಿಗಳ ಕೆಳಗೆ, ಎಳೆಬಿಸಿಲಿನಲ್ಲಿ, ಉದ್ಯೋಗಕ್ಕೆ ಹೋಗುವ ಜನರು ಇರುವೆಗಳಂತೆ ಸಾಗುತ್ತಾರೆ. ಒಂದು ಚಿತ್ರದಲ್ಲಿ ಮನುಷ್ಯನೇ ಇಲ್ಲ. ಇನ್ನೊಂದರಲ್ಲಿ ಮನುಷ್ಯ ಚುಕ್ಕಿಯಾಗಿದ್ದಾನೆ. ಮುಂದೆ ನಾವು ಹೇಳಲಿರುವ ಎರಡು ದಾರಿಗಳು ಈ ಎರಡು ಚಿತ್ರಗಳಲ್ಲಿಯೇ ಕವಲೊಡೆದಿವೆ ಎನ್ನಬಹುದು.

ವಸ್ತುವಿನ ಹೆಸರನ್ನೂ ಉಪಯೋಗವನ್ನೂ ಬದಿಗಿಟ್ಟು, ಅದರ ಆಕಾರ, ಗೆರೆ, ಬೆಳಕುಗಳನ್ನೇ ನೋಡುವಂತೆ ಮಾಡುವ ಚಿತ್ರಕ್ಕೆ ಅಮೂರ್ತ ಚಿತ್ರವೆಂದು ಹೆಸರು. “ಇದು ನಮಗೆ ತಿಳಿಯುವುದಿಲ್ಲ” ಎಂದು ನಾವು ಸಾಮಾನ್ಯವಾಗಿ ಕೈತೊಳೆದುಕೊಳ್ಳುತ್ತೇವೆ. ಆದರೆ ನಮ್ಮ ಅಮ್ಮಂದಿರು ಹೊಸ್ತಿಲ ಮುಂದೆ ಚುಕ್ಕಿಯಿಟ್ಟು ಎಳೆಯುವ ರಂಗೋಲಿ ಯಾವ ವಸ್ತುವಿನ ಚಿತ್ರ? ಏಳು ಚುಕ್ಕಿ, ಐದು ಚುಕ್ಕಿ, ಮೂರು ಚುಕ್ಕಿ ಎಂದು ಎಣಿಸಿ, ಎಲ್ಲಿಯೂ ಕಡಿಯದ ಒಂದೇ ಎಳೆಯನ್ನು ಅವುಗಳ ಸುತ್ತ ಬಳಸಿ ತರುವಾಗ, ಅದು ಏನನ್ನು ಹೋಲುತ್ತದೆ ಎಂದು ಯಾರೂ ಕೇಳುವುದಿಲ್ಲ. ಚೆನ್ನಾಗಿ ಕೂಡಿಕೊಂಡಿತೆ ಎಂದಷ್ಟೇ ನೋಡುತ್ತೇವೆ. ಧಾರವಾಡದ ಕಡೆಯ ಕಸೂತಿಯ ಗವಂತಿ ಹೊಲಿಗೆಯೂ ಅಂತಹುದೇ. ಬಟ್ಟೆಯ ಎಳೆಗಳನ್ನು ಎಣಿಸಿ ಸೂಜಿ ಹಾಕುತ್ತ ಹೋಗಿ, ಅದೇ ದಾರಿಯಲ್ಲಿ ಮರಳಿ ಬಂದು ಬಿಟ್ಟ ಜಾಗವನ್ನು ತುಂಬಬೇಕು. ಎರಡೂ ಮಗ್ಗುಲಲ್ಲಿ ಗೆರೆ ಒಂದೇ ಆಗಿರಬೇಕು. ಆದುದರಿಂದ ಗೆರೆಯನ್ನು ಗೆರೆಯಾಗಿ, ವಿನ್ಯಾಸವನ್ನು ವಿನ್ಯಾಸವಾಗಿ ನೋಡುವ ಕಣ್ಣು ನಮಗೆ ಹೊಸದಲ್ಲ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಈ ನಗರಕ್ಕೆ ಬಂದು ಕೀರ್ತಿ ಪಡೆದ ಕೆ. ಕೆ. ಹೆಬ್ಬಾರರು ಕೆಲವೇ ರೇಖೆಗಳಿಂದ ನರ್ತಕಿಯ ಇಡೀ ಚಲನೆಯನ್ನು ಕಾಗದಕ್ಕೆ ತಂದುದನ್ನು ಕಂಡ ನಮಗೆ, ರೇಖೆಯೊಂದೇ ಸಾಕು ಎಂಬ ಮಾತು ಅರ್ಥವಾಗದಿರಲು ಕಾರಣವಿಲ್ಲ.

ಮಿತ್ತರ್ ಬೇಡಿ : ಕಾರ್ಖಾನೆಯ ಗೆರೆ

ಸ್ವಾತಂತ್ರ್ಯಾನಂತರದ ಮುಂಬಯಿಯನ್ನು ಸ್ವಲ್ಪ ನೆನೆದುಕೊಳ್ಳೋಣ. 1954ರಲ್ಲಿ ಟ್ರಾಂಬೆಯಲ್ಲಿ ಸ್ಟ್ಯಾನ್‌ವ್ಯಾಕ್ ಕಂಪನಿಯ ತೈಲಶುದ್ಧಿ ಕಾರ್ಖಾನೆ ಎದ್ದಿತು. 1955ರಲ್ಲಿ ಬರ್ಮಾ ಶೆಲ್ಲಿನದು. 1956ರ ಆಗಸ್ಟಿನಲ್ಲಿ ಅದೇ ಟ್ರಾಂಬೆಯಲ್ಲಿ ಅಪ್ಸರಾ ಪರಮಾಣು ಸ್ಥಾವರ ಚಾಲನೆಗೊಂಡಿತು. ಅದೇ ವರ್ಷದ ನವೆಂಬರ್ 1ರಂದು ನಮ್ಮ ನಾಡು ಒಂದಾಯಿತು. ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ರಾಜ್ಯ ಬೇರೆಯಾದರೂ ಹೊಟ್ಟೆಪಾಡಿನ ದಾರಿ ಬೇರೆಯಾಗಲಿಲ್ಲ. ಆ ಕಡೆಯಿಂದಲೂ ಕರಾವಳಿಯಿಂದಲೂ ನಮ್ಮವರು ಇಲ್ಲಿಗೆ ಬರುತ್ತಲೇ ಇದ್ದರು. ಕೆಲವರು ಹೋಟೆಲಿನ ಅಡುಗೆಮನೆ ಸೇರಿದರು. ಕೆಲವರು ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿ ಕಚೇರಿಗಳಲ್ಲಿ ಗುಮಾಸ್ತರಾದರು. ಕೆಲವರು ಹೊಸದಾಗಿ ಎದ್ದ ಕಾರ್ಖಾನೆಗಳ ಗೇಟಿನ ಮುಂದೆ ನಿಂತರು.

ಆ ಗೇಟಿನ ಒಳಗೆ ಕ್ಯಾಮೆರಾ ಹಿಡಿದು ಹೋದವರು ಮಿತ್ತರ್ ಬೇಡಿ. 1926ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಇವರೂ ನಮ್ಮ ಹಾಗೆ ಹೊಟ್ಟೆಪಾಡಿಗೆ ಮುಂಬಯಿಗೆ ಬಂದವರೇ. ಮೊದಲು ಚಲನಚಿತ್ರದ ಪ್ರಚಾರ, ಮದುವೆ ಸಮಾರಂಭ ಎಂದು ಸಿಕ್ಕಿದ ಕೆಲಸ ಮಾಡಿದರು. 1959ರಲ್ಲಿ ಉಕ್ಕು ಮತ್ತು ತೈಲ ಉದ್ಯಮಗಳ ಚಿತ್ರ ತೆಗೆಯುವುದರಲ್ಲಿ ಹೆಸರಾದ ಅಮೆರಿಕದ ಆರ್ಥರ್ ಡಿ ಆರ್ಜಿಯನ್ ಎಂಬವರ ಭೇಟಿಯಾದುದು ಇವರ ಬಾಳಿನ ತಿರುವು. ಅಲ್ಲಿಂದ ಮುಂದೆ 1985ರಲ್ಲಿ ತೀರಿಕೊಳ್ಳುವವರೆಗೂ ಕಾರ್ಖಾನೆಯೇ ಇವರ ಕ್ಷೇತ್ರ. ಭಾರತದಲ್ಲಿ ಔದ್ಯೋಗಿಕ ಛಾಯಾಚಿತ್ರಣವನ್ನು ಒಂದು ಕಲೆಯಾಗಿ ನಿಲ್ಲಿಸಿದವರಲ್ಲಿ ಇವರದೇ ಮೊದಲ ಹೆಸರು.

ಚಿಮಣಿ, ತೈಲದ ಟಾಕಿ, ಒಂದರ ಮೇಲೊಂದು ಪೇರಿಸಿಟ್ಟ ಕೊಳವೆ, ವಿದ್ಯುತ್ ತಂತಿಯ ಗೋಪುರ, ಯಂತ್ರದ ಚಕ್ರ, ಇವು ಬೇಡಿಯವರ ವಸ್ತುಗಳು. ಇವನ್ನು ದಿನವೂ ನೋಡುವವರಿಗೆ ಅವು ಮಸಿ, ಸದ್ದು, ಎಣ್ಣೆಯ ವಾಸನೆ. ಬೇಡಿಯವರ ಚಿತ್ರದಲ್ಲಿ ಅವೇ ವರ್ತುಲಗಳ ಸಾಲಾಗಿ, ಓರೆಗೆರೆಗಳ ಹೆಣಿಗೆಯಾಗಿ ನಿಲ್ಲುತ್ತವೆ. ಕೆಳಗಿನಿಂದ ಮೇಲೆ ನೋಡುತ್ತ ಚಿತ್ರ ತೆಗೆದರೆ ಚಿಮಣಿ ಆಕಾಶವನ್ನು ಚುಚ್ಚಿದಂತೆ ಕಾಣುತ್ತದೆ. ಕತ್ತಲೆಯ ಯಂತ್ರಶಾಲೆಯಲ್ಲಿ ಎಲ್ಲಿ ದೀಪವಿಡಬೇಕು, ಯಾವ ಅಂಚು ಹೊಳೆಯಬೇಕು, ಯಾವ ಮೂಲೆ ಕಪ್ಪಾಗಿಯೇ ಇರಬೇಕು ಎಂಬುದನ್ನು ಅವರು ಬಲ್ಲವರಾಗಿದ್ದರು. ನಾಟಕದ ರಂಗದ ಮೇಲೆ ರಾಜನಿಗೆ ಬೆಳಕು ಬೀರಿದಂತೆ ಅವರು ಯಂತ್ರಕ್ಕೆ ಬೆಳಕು ಬೀರಿದರು. ಹೊಸ ಸ್ವತಂತ್ರ ದೇಶವು ತನ್ನನ್ನು ತಾನು ಹೇಗೆ ಕಾಣಲು ಬಯಸುತ್ತಿತ್ತೋ ಹಾಗೆಯೇ ಆ ಚಿತ್ರಗಳಿದ್ದವು: ದೊಡ್ಡದು, ಶುಭ್ರ, ಮುನ್ನುಗ್ಗುವಂಥದು.

ಆ ದೊಡ್ಡ ಗೆರೆಗಳ ನಡುವೆ ಅನೇಕ ವೇಳೆ ಒಬ್ಬ ಮನುಷ್ಯನಿರುತ್ತಾನೆ. ತಲೆಗೆ ಟೊಪ್ಪಿಗೆ ಇಟ್ಟ ಕೆಲಸಗಾರ, ಟಾಕಿಯ ಪಕ್ಕದ ಏಣಿಯ ಮೇಲೋ ಯಂತ್ರದ ಬಾಯಿಯ ಬಳಿಯೋ ಚಿಕ್ಕದಾಗಿ. ಯಂತ್ರ ಎಷ್ಟು ದೊಡ್ಡದೆಂದು ತಿಳಿಯುವುದು ಅವನಿಂದ. ಬಾದಾಮಿಯ ಕಂಬದ ಬುಡದಲ್ಲಿ ಕೂತವನನ್ನು ನೆನೆಯಿರಿ! ನೂರು ವರ್ಷಗಳ ನಂತರ ಅವನೇ ಬಂದು ಚಿಮಣಿಯ ಬುಡದಲ್ಲಿ ನಿಂತಂತಿದೆ. ಆದರೆ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳುವುದು ನ್ಯಾಯ. ಬಾದಾಮಿಯವನು ಕಂಬವನ್ನು ಕೊರೆದವನಲ್ಲ. ಇವನಾದರೋ ಆ ಯಂತ್ರವನ್ನು ನಡೆಸುವವನು. ಬೇಡಿಯವರ ಬೆಳಕು ಅವನ ಬೆನ್ನಿನ ಮೇಲೂ ಬೀಳುತ್ತದೆ, ಅವನಿಗೂ ಒಂದು ಗಾಂಭೀರ್ಯವನ್ನು ಕೊಡುತ್ತದೆ. ಕೊಡದೆ ಇರುವುದು ಹೆಸರೊಂದನ್ನು ಮಾತ್ರ. ಕಂಪನಿಗಳ ವಾರ್ಷಿಕ ವರದಿಗೆ, ಕ್ಯಾಲೆಂಡರಿಗೆ, ಜಾಹೀರಾತಿಗೆ ಬೇಕಾದ ಚಿತ್ರಗಳಲ್ಲಿ ಆ ಹೆಸರಿಗೆ ಜಾಗವಿರಲಿಲ್ಲ.

ನಸ್ರೀನ್ ಮೊಹಮದಿ : ಹಾಸು ಮಾತ್ರ, ಹೊಕ್ಕು ಇಲ್ಲ

ನಸ್ರೀನ್ ಮೊಹಮದಿಯವರು ಹುಟ್ಟಿದುದು 1937ರಲ್ಲಿ, ಕರಾಚಿಯಲ್ಲಿ. 1944ರಲ್ಲಿ ಕುಟುಂಬ ಮುಂಬಯಿಗೆ ಬಂದಿತು. ತಂದೆಯವರಿಗೆ ಬಹರೈನಿನಲ್ಲಿ ಕ್ಯಾಮೆರಾ ಮತ್ತು ಅದರ ಸಲಕರಣೆಗಳ ಅಂಗಡಿಯಿತ್ತು. 1954ರಿಂದ 1957ರವರೆಗೆ ಲಂಡನ್ನಿನಲ್ಲಿ ಚಿತ್ರಕಲೆ ಕಲಿತರು. ಮರಳಿ ಬಂದ ಮೇಲೆ ವಾರ್ಡನ್ ರಸ್ತೆಯ ಕಡಲಂಚಿನ ಭುಲಾಭಾಯಿ ಸ್ಮಾರಕ ಸಂಸ್ಥೆಯಲ್ಲಿ ಇವರಿಗೊಂದು ಕೆಲಸದ ಕೋಣೆ ದೊರೆಯಿತು. ಆ ಬಂಗಲೆಯಲ್ಲಿ ಚಿತ್ರಕಾರರಾದ ಗಾಯತೊಂಡೆ, ಹುಸೇನ್ ಮುಂತಾದವರು ಕುಂಚ ಹಿಡಿಯುತ್ತಿದ್ದರು. ರವಿಶಂಕರರ ಸಂಗೀತ ಶಾಲೆ ನಡೆಯುತ್ತಿತ್ತು. ಮಾಳಿಗೆಯ ಮೇಲೆ ಅಲ್ಕಾಜಿಯವರು ನಾಟಕ ಆಡಿಸುತ್ತಿದ್ದರು. 1961ರಲ್ಲಿ ಮುಂಬಯಿಯಲ್ಲಿ ಇವರ ಮೊದಲನೆಯ ಪ್ರದರ್ಶನವಾಯಿತು. ಮುಂದೆ ಪ್ಯಾರಿಸ್, ದೆಹಲಿ; 1972ರಿಂದ ಬಡೋದೆಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿ.

ಇವರು ಪ್ರಸಿದ್ಧರಾದುದು ರೇಖಾಚಿತ್ರಗಳಿಂದ. ನಕಾಶೆ ಎಳೆಯುವವರ ಸಲಕರಣೆಗಳನ್ನು ಇಟ್ಟುಕೊಂಡು ಕಾಗದದ ಮೇಲೆ ಕೂದಲೆಳೆಯಂತಹ ಗೆರೆಗಳನ್ನು ಎಳೆಯುತ್ತಿದ್ದರು. ಚಿತ್ರಕ್ಕೆ ಹೆಸರಿಲ್ಲ; ಬಹಳಷ್ಟಕ್ಕೆ ತಾರೀಖೂ ಇಲ್ಲ. ಇದರ ಜೊತೆಗೇ, ಯಾರಿಗೂ ತೋರಿಸದೆ, ಕ್ಯಾಮೆರಾದಿಂದ ಕಪ್ಪು ಬಿಳುಪಿನ ಚಿತ್ರಗಳನ್ನೂ ತೆಗೆಯುತ್ತಿದ್ದರು. ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುವ ಗೆರೆ. ರಸ್ತೆಯ ಮೇಲೆ ಬಳಿದ ಬಿಳಿಯ ಪಟ್ಟೆ. ಫತೇಪುರ ಸಿಕ್ರಿಯ ಅಂಗಳದ ಕಲ್ಲುಹಾಸು. ಗೋಡೆಯ ಅಂಚಿನಿಂದ ಜಾರಿದ ನೆರಳು. ಮಗ್ಗದ ಮೇಲೆ ಬಿಗಿದ ನೂಲು. ಅವರು ಬದುಕಿರುವವರೆಗೆ ಈ ಛಾಯಾಚಿತ್ರಗಳು ಪ್ರದರ್ಶನ ಕಾಣಲಿಲ್ಲ.

ಮಗ್ಗದ ಚಿತ್ರಗಳ ವಿಷಯದಲ್ಲಿ ನಾವು ಸ್ವಲ್ಪ ನಿಲ್ಲಬೇಕು. ನಮ್ಮಲ್ಲಿ ಕೆಲವರ ಹಿರಿಯರು ಇಳಕಲ್ಲು, ಗುಳೇದಗುಡ್ಡ, ರಬಕವಿ, ಬನಹಟ್ಟಿಗಳಲ್ಲಿ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತವರು. ಮಗ್ಗವೆಂದರೆ ಅವರಿಗೆ ಲಾಳಿಯ ಸದ್ದು, ಸೆರಗು, ಸಾಹುಕಾರನ ಲೆಕ್ಕ. ನಸ್ರೀನರ ಚಿತ್ರದಲ್ಲಿ ಅದೊಂದೂ ಇಲ್ಲ. ಹಾಸಿನ ಎಳೆಗಳು ಮಾತ್ರ, ಒಂದರ ಪಕ್ಕಕ್ಕೊಂದು, ಬೆಳಕು ತಾಗಿದಲ್ಲಿ ಹೊಳೆದು ತಾಗದಲ್ಲಿ ಕರಗಿ, ಕತ್ತಲೆಯೊಳಗೆ ಸಾಗಿಹೋಗುತ್ತವೆ. ನೇಕಾರನಿಲ್ಲ, ಬಟ್ಟೆಯೂ ಇಲ್ಲ. ಮೊದಲ ನೋಟಕ್ಕೆ ಇದು ನೇಕಾರನಿಗೆ ಮಾಡಿದ ಅನ್ಯಾಯವೆಂದು ತೋರೀತು. ಆದರೆ ಎಳೆ ಕಡಿದಿದೆಯೇ, ಸಡಿಲವಾಗಿದೆಯೇ ಎಂದು ನೇಕಾರನು ಕಣ್ಣು ಕಿರಿದು ಮಾಡಿ ನೋಡುವಾಗ ಅವನು ಕಾಣುವುದು ಇದನ್ನೇ ಅಲ್ಲವೆ? ಆ ಕ್ಷಣದಲ್ಲಿ ಅವನಿಗೆ ಸೀರೆಯೂ ಕಾಣದು, ಸಾಹುಕಾರನೂ ಕಾಣನು, ನೂಲೊಂದೇ ಕಾಣುತ್ತದೆ. ನಸ್ರೀನರು ಮಗ್ಗದ ಮುಂದೆ ಕುಳಿತವನನ್ನು ಚಿತ್ರಿಸಲಿಲ್ಲ. ಅವನ ನೋಟವನ್ನೇ ಚಿತ್ರಿಸಿದರು ಎಂದು ನಾವು ತಿಳಿಯುತ್ತೇವೆ.

ಕೊನೆಯ ವರ್ಷಗಳಲ್ಲಿ ಅವರಿಗೆ ನರಗಳ ಕಾಯಿಲೆ ತಗುಲಿತು. ದೇಹದ ಚಲನೆಯ ಮೇಲಿನ ಹತೋಟಿ ತಪ್ಪುತ್ತ ಬಂದಿತು. ಹಾಗಿದ್ದರೂ ಗೆರೆ ನಡುಗಲಿಲ್ಲ. 1990ರಲ್ಲಿ, ತಮ್ಮ 53ನೆಯ ವಯಸ್ಸಿನಲ್ಲಿ, ಕೊಲ್ಲಿಯಾಚೆಯ ಅಲಿಬಾಗ್ ಬಳಿಯ ಕಿಹೀಮಿನ ಕಡಲ ತಡಿಯಲ್ಲಿ ಅವರು ತೀರಿಕೊಂಡರು. ಜಗತ್ತು ಅವರನ್ನು ಗುರುತಿಸಿದುದು ತಡವಾಗಿ. 2013ರಲ್ಲಿ ದೆಹಲಿಯ ಕಿರಣ್ ನಾಡಾರ್ ಸಂಗ್ರಹಾಲಯದಲ್ಲಿ ದೊಡ್ಡ ಪ್ರದರ್ಶನವಾಯಿತು, 2015ರಲ್ಲಿ ಸ್ಪೇನಿನ ಮ್ಯಾಡ್ರಿಡ್ಡಿನಲ್ಲಿ, 2016ರಲ್ಲಿ ನ್ಯೂಯಾರ್ಕಿನಲ್ಲಿ. ಕೋಣೆಯೊಳಗೆ ಉಳಿದಿದ್ದ ಆ ಚಿಕ್ಕ ಚಿತ್ರಗಳನ್ನು ಸಮುದ್ರದಾಚೆಯ ಜನರು ಸಾಲು ನಿಂತು ನೋಡಿದರು.

ಇಬ್ಬರ ತುಲನೆ

ವಿನ್ಯಾಸವನ್ನು ಮೊದಲು ತೆಗೆದುಕೊಳ್ಳೋಣ. ಇಬ್ಬರೂ ಒಂದೇ ಆಕಾರ ಮರುಕಳಿಸುವುದನ್ನು ಬಯಸಿದರು. ಬೇಡಿಯವರ ಮರುಕಳಿಕೆ ಸಮೃದ್ಧಿಯ ಮಾತು: ಇಷ್ಟೊಂದು ಕೊಳವೆಗಳು, ಇಷ್ಟೊಂದು ಚಕ್ರಗಳು, ದೇಶ ಇಷ್ಟು ಉತ್ಪಾದಿಸುತ್ತಿದೆ ಎಂಬ ಹೆಮ್ಮೆ ಅದರಲ್ಲಿದೆ. ನಸ್ರೀನರದು ಜಪದ ಹಾಗೆ. ಒಂದೇ ಗೆರೆಯನ್ನು ಮತ್ತೆ ಮತ್ತೆ ನೋಡಿದರೆ ಎರಡನೆಯದು ಮೊದಲನೆಯದರ ಹಾಗಿಲ್ಲ ಎಂದು ತಿಳಿಯುತ್ತದೆ. ಅಷ್ಟು ತಿಳಿದರೆ ಅವರಿಗೆ ಸಾಕು.

ಬೆಳಕಿನ ವಿಷಯದಲ್ಲಿ ಭೇದ ಇನ್ನೂ ಸ್ಪಷ್ಟ. ಬೇಡಿಯವರು ಬೆಳಕನ್ನು ಕೆಲಸಕ್ಕೆ ಹಚ್ಚಿದರು. ಎಲ್ಲಿ ಬೇಕೋ ಅಲ್ಲಿ ಇಟ್ಟರು. ಅವರ ಬೆಳಕು ವಸ್ತುವನ್ನು ಘನವಾಗಿಸುತ್ತದೆ. ಉಕ್ಕು ಉಕ್ಕೇ ಆಗಿ ಕಾಣುತ್ತದೆ. ನಸ್ರೀನರು ಬೆಳಕಿಗಾಗಿ ಕಾದರು. ಅವರ ಬೆಳಕು ವಸ್ತುವನ್ನು ಕರಗಿಸುತ್ತದೆ. ಇದು ಕಲ್ಲೋ ಮರಳೋ ನೀರೋ, ಅಂಗೈಯಗಲದ್ದೋ ಹರದಾರಿ ಉದ್ದದ್ದೋ ಎಂದು ನಿರ್ಧರಿಸಲಾಗದಂತೆ ಮಾಡುತ್ತದೆ. ಅಳತೆ ಹೇಳುವ ಮನುಷ್ಯನನ್ನು ಅವರು ಏಕೆ ಬಿಟ್ಟರೆಂಬುದು ಇಲ್ಲಿ ಅರ್ಥವಾಗುತ್ತದೆ. ಅಳತೆಯೇ ಬೇಡವಾದ ಮೇಲೆ ಅಳತೆಗೋಲು ಏತಕ್ಕೆ? ಮನುಷ್ಯನನ್ನು ಅಳತೆಗೋಲಾಗಿ ನಿಲ್ಲಿಸುವುದಕ್ಕಿಂತ ನಿಲ್ಲಿಸದೆ ಬಿಡುವುದೇ ಮರ್ಯಾದೆ ಎಂಬ ಒಂದು ವಾದಕ್ಕೂ ಇಲ್ಲಿ ಎಡೆಯಿದೆ.

ಇನ್ನು ಗೆರೆ. ಬೇಡಿಯವರ ಗೆರೆ ಎಲ್ಲಿಗೋ ಮುಟ್ಟುತ್ತದೆ. ಕೊಳವೆ ಟಾಕಿಗೆ, ತಂತಿ ಗೋಪುರಕ್ಕೆ, ಏಣಿ ತುದಿಗೆ. ನಸ್ರೀನರ ಗೆರೆ ಚಿತ್ರದ ಅಂಚಿನಲ್ಲಿ ನಿಲ್ಲುವುದೇ ಇಲ್ಲ, ಹೊರಗೆ ಹೋಗಿಬಿಡುತ್ತದೆ. ಜೋಗೇಶ್ವರಿ ನಿಲ್ದಾಣದ ಸೇತುವೆಯ ಮೇಲೆ ಸಂಜೆ ನಿಂತು ಕೆಳಗಿನ ಹಳಿಗಳನ್ನು ನೋಡಿದರೆ ಇಬ್ಬರೂ ಏನು ಕಂಡರೆಂಬುದು ತಿಳಿಯುತ್ತದೆ. ಹಳಿ ಚರ್ಚ್‌ಗೇಟಿಗೆ ಹೋಗುತ್ತದೆ, ಅಲ್ಲಿ ಕೆಲಸವಿದೆ, ಸಂಬಳವಿದೆ ಎಂಬುದೂ ನಿಜ. ಹಳಿ ಎಲ್ಲಿಗೆ ಹೋಗುತ್ತದೆಂಬುದನ್ನು ಒಂದು ಗಳಿಗೆ ಮರೆತರೆ, ಮುಳುಗುವ ಬಿಸಿಲಿನಲ್ಲಿ ಹೊಳೆಯುವ ನಾಲ್ಕಾರು ಗೆರೆಗಳು ಮಾತ್ರ ಅಲ್ಲಿವೆ ಎಂಬುದೂ ನಿಜ. ದಿನವೂ ದಾಟುವ ನಮಗೆ ಮೊದಲನೆಯ ನಿಜ ಗೊತ್ತು; ಎರಡನೆಯದನ್ನು ನೋಡಲು ನಾವು ನಿಂತವರಲ್ಲ.

ಹೀಗೆ ನೋಡಿದರೆ ಒಬ್ಬರು ಹೆಚ್ಚು, ಇನ್ನೊಬ್ಬರು ಕಡಮೆ ಎಂದು ತೀರ್ಪು ಕೊಡುವುದು ಸಲ್ಲದು. ಬೇಡಿಯವರಿಲ್ಲದಿದ್ದರೆ ನಮ್ಮ ತಂದೆ ತಾತಂದಿರು ದುಡಿದ ಜಗತ್ತು ಹೇಗೆ ಕಾಣುತ್ತಿತ್ತೆಂಬುದಕ್ಕೆ ಅಷ್ಟು ದಿಟ್ಟವಾದ ಸಾಕ್ಷಿ ಇರುತ್ತಿರಲಿಲ್ಲ. ನಸ್ರೀನರಿಲ್ಲದಿದ್ದರೆ ಅಷ್ಟೇ ಬಡ ವಸ್ತುಗಳಲ್ಲಿ, ಒಂದು ನೆರಳಿನಲ್ಲಿ, ಒಂದು ನೂಲಿನಲ್ಲಿ, ಯಾವ ಯಜಮಾನನಿಗೂ ಸೇರದ ಸೊಬಗಿದೆಯೆಂದು ಹೇಳುವವರು ಕಡಮೆಯಾಗುತ್ತಿದ್ದರು. ದುಡಿಮೆಗಾಗಿ ಊರು ಬಿಟ್ಟು ಬಂದವರಿಗೆ ಎರಡೂ ಬೇಕು. ದುಡಿದುದಕ್ಕೆ ಸಾಕ್ಷಿಯೂ ಬೇಕು. ದುಡಿಮೆಯ ಲೆಕ್ಕಕ್ಕೆ ಸಿಗದ ಒಂದು ಗಳಿಗೆಯೂ ಬೇಕು.

ಚಿತ್ರದ ಹಿಂದಿನ ಹೆಸರು

ಆದರೆ ಇಬ್ಬರೂ ನಮಗೆ ಕೊಡದೆ ಹೋದುದು ಒಂದಿದೆ. ಅದು ಅವರ ಕೆಲಸವೂ ಆಗಿರಲಿಲ್ಲ, ಅದು ನಮ್ಮದು.

ಗುಹೆಯಿಂದ ಮರಳಿದ ಆ ರವಿವಾರ, ಮಧ್ಯಾಹ್ನದ ಊಟವಾದ ಮೇಲೆ, ಮೊಮ್ಮಗಳೇ ಅಜ್ಜನವರನ್ನು ಕೇಳಿದಳಂತೆ: “ಅಜ್ಜಾ, ನಿಮ್ಮ ಕಾರ್ಖಾನೆ ಫೋಟೋ ಇದೆಯಾ?” ಅವರು ಕಪಾಟಿನ ತಗಡಿನ ಪೆಟ್ಟಿಗೆಯಿಂದ ಒಂದು ಚಿತ್ರ ತೆಗೆದರು. ದೊಡ್ಡ ಯಂತ್ರವೊಂದರ ಮುಂದೆ 11 ಮಂದಿ ನಿಂತಿದ್ದಾರೆ. ಹಿಂದೆ ಕೊಳವೆಗಳು, ಮೇಲಿನಿಂದ ಬಿದ್ದ ಬೆಳಕು. ಯಾರೋ ಸಾಮಾನ್ಯ ಛಾಯಾಗ್ರಾಹಕ ತೆಗೆದ, ಅಂಚು ಹಳದಿಯಾದ ಚಿತ್ರ. ಹಿಂಬದಿಯಲ್ಲಿ ಏನೂ ಬರೆದಿಲ್ಲ. ಮೊಮ್ಮಗಳು ಪೆನ್ನು ಹಿಡಿದು ಕೂತಳು. ಅಜ್ಜನವರು ಒಬ್ಬೊಬ್ಬರ ಮೇಲೆ ಬೆರಳಿಟ್ಟು ಹೆಸರು ಹೇಳುತ್ತ ಹೋದರು. ಕುಂದಾಪುರದವರೊಬ್ಬರು, ಗದಗಿನವರೊಬ್ಬರು, ರತ್ನಾಗಿರಿಯ ಮರಾಠಿಗರಿಬ್ಬರು, ಗೋರಖಪುರದ ಭೈಯಾ ಒಬ್ಬರು. ಏಳು ಹೆಸರು ಸಿಕ್ಕವು. ನಾಲ್ಕು ಸಿಗಲಿಲ್ಲ. “ಇವನ ಮದುವೆಗೂ ಹೋಗಿದ್ದೆ” ಎಂದು ಒಬ್ಬನ ಮುಖದ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರಂತೆ, ಹೆಸರು ಬರಲಿಲ್ಲ.

ಇನ್ನು ಹತ್ತು ವರ್ಷ ಬಿಟ್ಟು ಕೇಳಿದ್ದರೆ ಏಳೂ ಸಿಗುತ್ತಿರಲಿಲ್ಲ. ನಮ್ಮ ಮನೆಮನೆಯ ಕಪಾಟುಗಳಲ್ಲಿ, ಅಟ್ಟದ ಪೆಟ್ಟಿಗೆಗಳಲ್ಲಿ ಇಂತಹ ಚಿತ್ರಗಳಿವೆ. ಹೋಟೆಲಿನ ಗಲ್ಲೆಯ ಮುಂದೆ ಸಾಲಾಗಿ ನಿಂತ ಹುಡುಗರು. ರಾತ್ರಿಶಾಲೆಯ ಬೆಂಚಿನ ಮೇಲೆ ಕೂತವರು. ಹಿಂದಿನ ರಾಜ್ಯೋತ್ಸವದ ನಾಟಕದಲ್ಲಿ ಬಣ್ಣ ಹಚ್ಚಿದವರು. ಚಾಳು ಕೆಡವಿ ಹೊಸ ಕಟ್ಟಡ ಕಟ್ಟುವಾಗ ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಮೊದಲು ರದ್ದಿಗೆ ಹೋಗುವುದು ಇವೇ. ಮನೆಯವರು ಈ ನವೆಂಬರಿನಲ್ಲಿ ಒಂದು ರವಿವಾರ ಹಿರಿಯರನ್ನು ಕೂರಿಸಿಕೊಂಡು, ಪ್ರತಿಯೊಂದು ಚಿತ್ರದ ಹಿಂದೆ ಮೆತ್ತನೆಯ ಸೀಸಕಡ್ಡಿಯಿಂದ ಹೆಸರು, ಊರು, ತೆಗೆದ ವರ್ಷ ಬರೆದಿಡಬೇಕೆಂದು ನಮ್ಮ ಪ್ರಾರ್ಥನೆ. ಕನ್ನಡದಲ್ಲಿ ಬರೆದರೆ ಮತ್ತೂ ಸಂತೋಷ. ಮಕ್ಕಳಿಗೆ ಲಿಪಿ ಕಲಿಸಲು ಅದೂ ಒಂದು ನೆವವಾದೀತು.

ಹಾಗೆಂದು ಆ ಹುಡುಗಿ ಪಟ್ಟೆಗಳ ಚಿತ್ರ ತೆಗೆಯುವುದನ್ನು ಬಿಡಬೇಕೆಂದು ನಾವು ಹೇಳುವುದಿಲ್ಲ. ಹೆದ್ದಾರಿಯ ಮೇಲಿನ ಮೆಟ್ರೋ ಕಂಬಗಳ ನೆರಳನ್ನು ಈಗ ಅವಳು ತೆಗೆಯುತ್ತಿದ್ದಾಳೆ, ಚೆನ್ನಾಗಿಯೇ ತೆಗೆಯುತ್ತಾಳೆ. ಅಜ್ಜನವರು ಅವಳ ಜೊತೆಗೆ ಹೋಗುತ್ತಾರೆ, ಅವಳು ಹೇಳಿದಾಗ ಆಚೆ ಸರಿದು ನಿಲ್ಲುತ್ತಾರೆ. ಆ ನಾಲ್ಕು ಹೆಸರುಗಳಲ್ಲಿ ಒಂದು ಮೊನ್ನೆ ಹಾಗೆ ನಿಂತಿದ್ದಾಗಲೇ ನೆನಪಾಯಿತಂತೆ. ಇನ್ನು ಮೂರು ಉಳಿದಿವೆ.